ಚಾಲಕರೊಡನೆ ಮಾತನಾಡಬೇಡಿ

ಸುನಿತಾಗೆ ಏಳು ವರ್ಷವಿದ್ದಾಗ ಅವಳ ಅಪ್ಪ ಕರಿಬಸವಯ್ಯ ಒಂದು ಮಾತು ಕೊಟ್ಟಿದ್ದರು.

ಆಗ ಅವರು ಸರ್ಕಾರಿ ಬಸ್ಸಿನ ಡ್ರೈವರ್. ಶಾಲೆಗೆ ರಜೆಯಿದ್ದರೆ ಮಗಳನ್ನೂ ಬಸ್ಸಿಗೆ ಹತ್ತಿಸಿಕೊಂಡು, ತಮ್ಮ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಗೋಣಿತಾಟು ಮಡಿಸಿ ಹಾಕಿ ಕೂರಿಸುತ್ತಿದ್ದರು. ಕುಂಡೆ ಸುಡುತ್ತಿದ್ದರೂ ಅವಳಿಗೆ ಅದು ಸಿಂಹಾಸನವೇ. ಒಂದು ಸಲ ಮುಂದಿನ ಸೀಟಿನ ಯಜಮಾನರೊಬ್ಬರು "ಎಮ್ಮೆ ಬಂತು ನೋಡ್ರಿ, ಬ್ರೇಕ್ ಹಿಡೀರಿ, ಹಾರನ್ ಹೊಡೀರಿ" ಅಂತ ದಾರಿಯುದ್ದಕ್ಕೂ ಪಾಠ ಹೇಳಿಕೊಂಡೇ ಬಂದರು. ಕಂಡದ್ದನ್ನೆಲ್ಲ ಕೂಡಿಸಿ ಓದುವ ಚಟ ಆಗಷ್ಟೇ ಹತ್ತಿದ್ದ ಸುನಿತಾ, ಗಾಜಿನ ಮೇಲಿನ ಬೋರ್ಡಿನಲ್ಲಿದ್ದ ಬರಹವನ್ನು ಗಂಟಲು ಹರಿಯುವ ಹಾಗೆ ಓದಿಬಿಟ್ಟಳು: "ಚಾ-ಲ-ಕ-ರೊ-ಡ-ನೆ ಮಾ-ತ-ನಾ-ಡ-ಬೇ-ಡಿ!" ಬಸ್ಸಿಗೆ ಬಸ್ಸೇ ನಕ್ಕಿತು. ಯಜಮಾನರು ಕಿಟಕಿಯ ಕಡೆ ತಿರುಗಿಕೊಂಡರು.

ಡಿಪೋಗೆ ಬಂದು ಇಳಿಯುವಾಗ ಕರಿಬಸವಯ್ಯ ಮಗಳ ಕೆನ್ನೆ ಚಿವುಟಿ ಹೇಳಿದ್ದರು: "ನೀನು ಗಾಡಿ ಓಡಿಸೋ ಕಾಲ ಬರ್ಲಿ ಮಗಳೇ. ನಾನು ಪಕ್ಕದಲ್ಲಿ ಕೂತ್ಕೊಂಡು ಒಂದು ಮಾತೂ ಆಡಲ್ಲ. ಬಸವಣ್ಣನಾಣೆ."

ಸುನಿತಾ ಗಾಡಿ ಓಡಿಸುವ ಕಾಲ ಬಂದು ಮೂರು ವರ್ಷವಾಯಿತು. ಅವಳೀಗ ಮದುವೆಯ ವಯಸ್ಸಿಗೆ ಕಾಲಿಟ್ಟ ಮಗಳ ತಾಯಿ. ಜಯನಗರದ ಒಂದು ಲ್ಯಾಬಿನಲ್ಲಿ ಕೆಲಸ. ನಸುಕಿಗೇ ಎದ್ದು, ಜಯನಗರ, ಜೆ.ಪಿ. ನಗರ, ಬನಶಂಕರಿಯ ಮುದುಕ ಮುದುಕಿಯರ ಮನೆಬಾಗಿಲಿಗೇ ಹೋಗಿ ರಕ್ತ ತೆಗೆದುಕೊಂಡು ಬರಬೇಕು. ಮೊದಲು ಸ್ಕೂಟರಿನಲ್ಲಿ ಹೋಗುತ್ತಿದ್ದಳು. ಸಾರಕ್ಕಿಯ ಗುಂಡಿಯೊಂದಕ್ಕೆ ಬಿದ್ದು ಮಣಿಕಟ್ಟು ಮುರಿದ ಮೇಲೆ, ಕರಿಬಸವಯ್ಯ ತಮ್ಮ ರಿಟೈರ್ಮೆಂಟಿನ ದುಡ್ಡಿನಲ್ಲಿ ಕೊಂಡಿದ್ದ ಬೂದು ಬಣ್ಣದ ಕಾರಿನ ಕೀ ಕೊಟ್ಟರು. ಅವರ ಕಣ್ಣಿಗೂ ಪೊರೆ ಬಂದಿತ್ತು. ಕೀ ಕೊಟ್ಟರೇ ಹೊರತು ಮಾತು ಬಿಡಲಿಲ್ಲ. ಪಕ್ಕದಲ್ಲಿ ಕೂತರೆ ಶುರು: "ಕ್ಲಚ್ಚಿಂದ ಕಾಲು ತೆಗಿ... ಗೇರು ಗೇರು... ಆಟೋದವನನ್ನ ನಂಬಬೇಡ... ಅಯ್ಯೋ ಶಿವನೇ."

"ಮೂವತ್ತು ವರ್ಷ ಆ ಬೋರ್ಡ್ ಕೆಳಗೇ ಕೂತಿದ್ರು," ಅಂತ ಅವರ ಹೆಂಡತಿ ಜಯದೇವಿ ಹಿಂದಿನ ಸೀಟಿನಿಂದ ಚುಚ್ಚುತ್ತಿದ್ದರು. "ಪಾಪ, ಡ್ರೈವರು ರಸ್ತೆ ನೋಡ್ಬೇಕಲ್ಲ. ಬೋರ್ಡ್ ಓದಕ್ಕೆ ಪುರಸೊತ್ತೆಲ್ಲಿ."

ಆ ಕಾರಿಗೆ ಜ್ವರ ಬಂದದ್ದು ಈ ಬೇಸಿಗೆಯಲ್ಲಿ. ಮೊದಮೊದಲು ಏರು ಹತ್ತುವಾಗ ಮಾತ್ರ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತಿತ್ತು. ಎ.ಸಿ. ಆರಿಸಿದರೆ ಇಳಿಯುತ್ತಿತ್ತು. ಆಮೇಲಾಮೇಲೆ ಆರಿಸಿದರೂ ಇಳಿಯಲೊಲ್ಲದು. ಕೊನೆಗೆ ಒಂದು ಗುರುವಾರ ಸಾರಕ್ಕಿ ಸಿಗ್ನಲ್ಲಿನಲ್ಲಿ, ಹಿಂದೆ ಮುಂದೆ ಬಸ್ಸು ಲಾರಿ ಒತ್ತರಿಸಿಕೊಂಡಿರುವಾಗ, ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಬುಸ್ಸೆಂದಿತು. ಸುನಿತಾ ಕೂಡಲೇ ಇಂಜಿನ್ ಆರಿಸಿ, ರಕ್ತದ ಸೀಸೆಗಳಿದ್ದ ಐಸ್ ಡಬ್ಬ ಎತ್ತಿಕೊಂಡು ಇಳಿದಳು. ಆಟೋದವನೊಬ್ಬ "ಏನಕ್ಕಾ, ಇಡ್ಲಿ ಬೇಯ್ತಾ?" ಅಂದ. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಕಾರನ್ನು ಎಳೆಸಿಕೊಂಡು ಚಿಕ್ಕಲಸಂದ್ರದ ಮನೆಗೆ ತಂದರು. ಗಲ್ಲಿಯ ಕೊನೆಯ ಗ್ಯಾರೇಜಿನವನು ಬಂದು ಬಾನೆಟ್ ಎತ್ತಿ, ಮೂಸಿಯೇ ರೋಗ ಪತ್ತೆ ಹಚ್ಚಿದವನ ಹಾಗೆ ಹೇಳಿದ: "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ಇಂಜಿನ್ ಬಿಚ್ಚಬೇಕು. ಈ ವಯಸ್ಸಿನ ಗಾಡಿಗೆ ಯಾಕೆ ಸಾರ್, ಕೊಟ್ಬಿಡಿ."

ಕರಿಬಸವಯ್ಯ ತಲೆಯಾಡಿಸಿದರು. "ನಾನು ಬಡ್ಕೊಂಡೆ. ಹಾಫ್ ಕ್ಲಚ್ಚಲ್ಲಿ ಓಡಿಸಬೇಡ, ಓಡಿಸಬೇಡ ಅಂತ. ಇಂಜಿನ್ ಬೇಯಿಸಿಬಿಟ್ಲು."

ಪಕ್ಕದ ಮನೆಯ ಗುಂಡಣ್ಣ ಕಾಂಪೌಂಡಿನ ಮೇಲಿಂದಲೇ ತಲೆ ಹಾಕಿದ. ಯಾರ ಮನೆಯ ಹಾಲು ಉಕ್ಕಿದರೂ ಅವನಿಗೇ ಮೊದಲು ವಾಸನೆ. "ನನಗೆ ಗೊತ್ತಿರೋ ಹಳೇ ಗಾಡಿ ವ್ಯಾಪಾರಿ ಒಬ್ಬ ಇದಾನೆ ಬಸವಯ್ಯನೋರೇ. ಸೋಮವಾರ ಕರ್ಕೊಂಡ್ ಬರ್ತೀನಿ. ಲೇಡೀಸ್ ಕೈಗೆ ಸಿಕ್ಕಿದ ಗಾಡಿ ಅಂದ್ರೆ ರೇಟು ಸ್ವಲ್ಪ ಕಮ್ಮಿ ಮಾಡ್ತಾನೆ, ಅಷ್ಟೆ."

"ಗುಂಡಣ್ಣ, ನೀವು ಹೋದ ವರ್ಷ ರಿವರ್ಸ್ ತಗೊಂಡು ನಮ್ ಗೇಟು ಕೆಡವಿದ್ರಲ್ಲ, ಅವತ್ತು ಗಾಡಿ ಯಾವ ಲೇಡೀಸ್ ಕೈಲಿತ್ತು?" ಅಂದಳು ಸುನಿತಾಳ ಮಗಳು ಶಿಲ್ಪಶ್ರೀ. ಗುಂಡಣ್ಣನ ತಲೆ ಕಾಂಪೌಂಡಿನ ಆಚೆಗೆ ಇಳಿಯಿತು.

ಆದರೆ ಸೋಮವಾರ ಮಾತ್ರ ಗಟ್ಟಿಯಾಯಿತು. ಕಾರು ಕರಿಬಸವಯ್ಯನವರ ಹೆಸರಿನಲ್ಲಿತ್ತು, ಅವರು ಹೂಂ ಅಂದಾಗಿತ್ತು. ಸುನಿತಾಗೆ ಕಾರು ಹೋಗುವುದಕ್ಕಿಂತ ಹೆಚ್ಚಾಗಿ ಉರಿದದ್ದು ಆ "ಬೇಯಿಸಿಬಿಟ್ಲು" ಅನ್ನುವ ಮಾತು. ಇಷ್ಟು ವರ್ಷ ಒಂದು ಗೀರು ಬೀಳದ ಹಾಗೆ ಈ ಊರಿನ ಟ್ರಾಫಿಕ್ಕಿನಲ್ಲಿ ಓಡಿಸಿದವಳು ತಾನು. ಇನ್ನು ಬದುಕಿರುವಷ್ಟು ದಿನ ನೆಂಟರಿಷ್ಟರ ಮುಂದೆಲ್ಲ "ನಮ್ಮ ಸುನಿತಾ ಒಂದು ಇಂಜಿನ್ ಸುಟ್ಟವಳು" ಅಂತಲೇ ಕತೆಯಾಗುತ್ತದೆ.

ರಾತ್ರಿ ಊಟದ ತಟ್ಟೆ ಎತ್ತುತ್ತಾ ಅವಳು ಹೇಳಿದಳು: "ಅಪ್ಪಾಜಿ, ಭಾನುವಾರ ಒಂದು ದಿನ ನನಗೆ ಬಿಡಿ. ನನ್ನ ಡ್ರೈವಿಂಗಿಂದಲೇ ಹಾಳಾಗಿದೆ ಅಂತ ಗೊತ್ತಾದ್ರೆ ಸೋಮವಾರ ನಾನೇ ಕೀ ತಂದು ವ್ಯಾಪಾರಿ ಕೈಗೆ ಕೊಡ್ತೀನಿ. ಅಲ್ಲ ಅಂತಾದ್ರೆ ಗಾಡಿ ನನ್ನ ಹತ್ರಾನೇ ಇರುತ್ತೆ."

"ನೀನು ರಿಪೇರಿ ಮಾಡ್ತೀಯಾ?"

"ಮೊದಲು ಟೆಸ್ಟ್ ಮಾಡ್ತೀನಿ. ಜ್ವರ ಬಂದೋರಿಗೆಲ್ಲ ನಾವು ಮೊದಲೇ ಹೊಟ್ಟೆ ಕುಯ್ಯಲ್ಲ ಅಪ್ಪಾಜಿ. ರಕ್ತ ನೋಡ್ತೀವಿ."

"ನೆಗಡಿ ಆಯ್ತು ಅಂತ ಮೂಗು ಕುಯ್ಯೋದು ನಿಮ್ಮಪ್ಪನ ವೈದ್ಯ," ಅಂದರು ಜಯದೇವಿ.

ಭಾನುವಾರ ಸುನಿತಾಳ ಗಂಡ ವಿಜಯಕುಮಾರ್ ಎಂದಿನಂತೆ ಸಾರಕ್ಕಿ ಮಾರ್ಕೆಟ್ಟಿನ ತನ್ನ ಅಂಗಡಿಗೆ ಹೋದ. ಹೋಗುವ ಮುಂಚೆ ಸ್ಪ್ಯಾನರ್ ಡಬ್ಬ ಕೆಳಗಿಳಿಸಿಟ್ಟು, "ಬಿಚ್ಚಿದ ಬೋಲ್ಟೆಲ್ಲ ಒಂದು ತಟ್ಟೇಲಿ ಹಾಕು" ಅಂದ. ರಜೆಯಲ್ಲಿ ಡಿಪೋದ ಮೆಕ್ಯಾನಿಕ್ಕರ ಕೆಲಸ ನೋಡುತ್ತ ಬೆಳೆದಿದ್ದ ಸುನಿತಾ ಹಳೇ ಚೂಡಿದಾರದ ಮೇಲೆ ಗಂಡನ ಅಂಗಿ ತೊಟ್ಟು ಗೇಟಿನೊಳಗೆ ನಿಂತಿದ್ದ ಕಾರಿನ ಬಾನೆಟ್ ಎತ್ತಿದಳು. ಕರಿಬಸವಯ್ಯ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು, ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರ್ ಹಾಗೆ.

ಇಂಜಿನ್ ತಣ್ಣಗಿತ್ತು. ರೇಡಿಯೇಟರಿನ ಮುಚ್ಚಳ ತಣ್ಣಗಿರುವಾಗಲೇ ತೆಗೆಯಬೇಕು. ಬಿಸಿ ಇರುವಾಗ ತೆಗೆಯುವುದೂ, ವಿಸಿಲ್ ಕೂಗುತ್ತಿರುವ ಕುಕ್ಕರಿನ ಮುಚ್ಚಳ ಎಳೆಯುವುದೂ ಒಂದೇ. ತೆಗೆದು ನೋಡಿದರೆ ನೀರು ಕಮ್ಮಿಯಾಗಿತ್ತು, ಆದರೆ ತಿಳಿಯಾಗಿತ್ತು. ಬೆರಳು ಅದ್ದಿ ಉಜ್ಜಿದಳು. ಜಿಡ್ಡಿಲ್ಲ. ಇಂಜಿನ್ ಆಯಿಲಿನ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದಳು. ಕಪ್ಪಗಿತ್ತು, ಹಾಲು ಬೆರೆತ ಕಾಫಿಯ ಬಣ್ಣವಿರಲಿಲ್ಲ.

"ಹೆಡ್ ಗ್ಯಾಸ್ಕೆಟ್ ಅಂದ್ರೆ ಕುಕ್ಕರ್ ರಬ್ಬರ್ ಇದ್ದ ಹಾಗೆ ಕಣೆ," ಅಂತ ಮಗಳಿಗೆ ಹೇಳಿದಳು. "ಅದು ಹೋಗಿದ್ರೆ ಎಣ್ಣೆಗೆ ನೀರು, ನೀರಿಗೆ ಗಾಳಿ, ಎಲ್ಲ ಕಲಸುಮೇಲೋಗರ ಆಗಿರುತ್ತೆ. ಎಣ್ಣೇಲಿ ನೀರಿಲ್ಲ. ಗಾಳಿ ನೋಡಣ."

ಕೂಲೆಂಟ್ ತುಂಬಿಸಿ, ಮುಚ್ಚಳ ಹಾಕದೆಯೇ ಶಿಲ್ಪಶ್ರೀಗೆ ಸ್ಟಾರ್ಟ್ ಮಾಡಲು ಹೇಳಿದಳು. ಗ್ಯಾಸ್ಕೆಟ್ ಒಡೆದಿದ್ದರೆ ನೀರಿನಲ್ಲಿ ಸೋಡಾ ಬಾಟಲಿಯ ಹಾಗೆ ಗುಳ್ಳೆ ಏಳುತ್ತಲೇ ಇರಬೇಕು. ಮೊದಲಿಗೆ ಒಂದೆರಡು ಬಂದವು. ಕರಿಬಸವಯ್ಯ ಕುರ್ಚಿಯಿಂದ ಅರ್ಧ ಎದ್ದರು. ಆಮೇಲೆ ನೀರು ಸುಮ್ಮನಾಯಿತು.

"ಗ್ಯಾಸ್ಕೆಟ್ ಗಟ್ಟಿ ಇದೆ," ಅಂದಳು ಸುನಿತಾ.

"ಹಂಗಾದ್ರೆ ಫ್ಯಾನು ಹೋಗಿರುತ್ತೆ," ಅಂದರು ಕರಿಬಸವಯ್ಯ.

ಮುಚ್ಚಳ ಬಿಗಿದು ಇಂಜಿನ್ ಓಡಲು ಬಿಟ್ಟರು. ಮೇಲಿನ ರಬ್ಬರ್ ಪೈಪು ಬಿಸಿಯಾಯಿತು. ಇನ್ನೊಂದಿಷ್ಟು ಹೊತ್ತಿಗೆ ಕೆಳಗಿನದೂ ಬಿಸಿಯಾಯಿತು. ಅಂದರೆ ನೀರು ಸುತ್ತುತ್ತಿದೆ, ಒಳಗೆ ಅದನ್ನು ಬಿಡುವ ಬಾಗಿಲು ತೆರೆಯುತ್ತಿದೆ. ಫ್ಯಾನು ಕೂಡ ತನ್ನ ಹೊತ್ತಿಗೆ ಗುರ್ರೆಂದು ತಿರುಗಿತು. ಒಂದೊಂದೇ ಅಂಗ ನಾಡಿ ಹಿಡಿದು ನೋಡಿದರೆ ಎಲ್ಲವೂ ಆರೋಗ್ಯವಾಗಿಯೇ ಇತ್ತು. ಆದರೂ ಎ.ಸಿ. ಹಾಕಿದ್ದೇ ತಡ, ಮುಳ್ಳು ಮೆಲ್ಲಗೆ ಮೇಲೇರತೊಡಗಿತು.

"ಮತ್ತೆ ಉಳಿದಿದ್ದೇನು? ಡ್ರೈವರ್ರೇ," ಅಂದರು ಕರಿಬಸವಯ್ಯ.

"ಡ್ರೈವರ್ ಇಲ್ಲಿ ನಿಂತಿದ್ದಾಳೆ ಅಪ್ಪಾಜಿ. ಕ್ಲಚ್ ಮೇಲೆ ಯಾರ ಕಾಲೂ ಇಲ್ಲ. ಆದರೂ ಬಿಸಿ ಆಗ್ತಿದೆಯಲ್ಲ?"

ಕರಿಬಸವಯ್ಯ ಜೇಬಿನಲ್ಲಿ ಕನ್ನಡಕ ಹುಡುಕಿದರು.

ಸುನಿತಾ ಬಗ್ಗಿ ಕಾರಿನ ಮುಂದೆ ಕೂತಳು. ದೇಹ ಚೆನ್ನಾಗಿದ್ದೂ ಜ್ವರ ಇಳಿಯದಿದ್ದರೆ, ಹೊದಿಕೆ ನೋಡಬೇಕು. ಮಗುವಿಗೆ ಮೂರು ಕಂಬಳಿ ಹೊದಿಸಿ, ಮೈ ಬಿಸಿ ಅಂತ ಲ್ಯಾಬಿಗೆ ಓಡಿ ಬರುವ ಎಷ್ಟು ತಾಯಂದಿರನ್ನು ಅವಳು ನೋಡಿಲ್ಲ! ದಿನಪತ್ರಿಕೆಯ ಒಂದು ಹಾಳೆ ತೆಗೆದುಕೊಂಡು ಮುಂದಿನ ಜಾಲರಿಗೆ ಹಿಡಿದಳು. ಫ್ಯಾನು ಗಾಳಿ ಎಳೆಯುತ್ತಿದ್ದರೆ ಹಾಳೆ ತಾನಾಗಿ ಅಂಟಿಕೊಳ್ಳಬೇಕು. ಮೇಲ್ಭಾಗದಲ್ಲಿ ಹಿಡಿದಾಗ ಪಟ್ಟನೆ ಅಂಟಿತು. ಕೆಳಗೆ ಸರಿಸಿದಳು. ಹಾಳೆ ಕಳಚಿ ಅವಳ ಕಾಲ ಮೇಲೆ ಬಿತ್ತು. ಮತ್ತೆ ಹಿಡಿದಳು. ಮತ್ತೆ ಬಿತ್ತು.

"ಶಿಲ್ಪಾ, ಇಂಜಿನ್ ಆರಿಸು. ಟಾರ್ಚ್ ಕೊಡು."

ಇಂಜಿನ್ ಕಡೆಯಿಂದ ಮಗಳು ಟಾರ್ಚು ಬಿಟ್ಟಳು, ಮುಂದಿನಿಂದ ಇವಳು ನೋಡಿದಳು. ಮೇಲೆ ಬೆಳಕಿನ ಚುಕ್ಕೆಗಳು ಜರಡಿಯಲ್ಲಿ ಕಂಡ ಹಾಗೆ ಕಂಡವು. ಕೆಳಗೆ ಅಮಾವಾಸ್ಯೆ.

"ಸಿಕ್ತು," ಅಂದಳು ಸುನಿತಾ.

ಇಂಜಿನ್ ಪೂರ್ತಿ ತಣಿಯುವವರೆಗೆ ಎಲ್ಲರೂ ತಿಂಡಿ ತಿಂದರು. ಆಮೇಲೆ ಮೊದಲು ಬ್ಯಾಟರಿಯ ತಂತಿ ಕಳಚಿದಳು. ಇಂಜಿನ್ ಆರಿದ್ದರೂ ಫ್ಯಾನು ತನ್ನಷ್ಟಕ್ಕೆ ತಿರುಗಿ ಬೆರಳು ತೆಗೆದುಬಿಡಬಹುದು. ಮುಂದಿನ ಜಾಲರಿ ಬಿಚ್ಚಿ, ರೇಡಿಯೇಟರನ್ನು ಮೇಲೆ ಹಿಡಿದಿದ್ದ ಎರಡು ಕ್ಲಿಪ್ಪಿನ ಬೋಲ್ಟು ತೆಗೆದು ತಟ್ಟೆಗೆ ಹಾಕಿದಳು. ಹತ್ತನೇ ನಂಬರಿನ ಸ್ಪ್ಯಾನರಿಗೆ ಎರಡನೆಯ ಬೋಲ್ಟು ಬಗ್ಗಲಿಲ್ಲ. ಹಿಂದೆ ಮುರಿದಿದ್ದ ಮಣಿಕಟ್ಟಿನ ಕೀಲು ಕೀಲೂ ನೋಯಿತು. ಜಯದೇವಿ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಎರಡು ತೊಟ್ಟು ಬಿಟ್ಟು, "ಸ್ವಲ್ಪ ತಡಿ, ಅದಕ್ಕೂ ವಯಸ್ಸಾಗಿದೆ" ಅಂದರು. ಎಣ್ಣೆ ಇಳಿದ ಮೇಲೆ ಬೋಲ್ಟು ಕಿರ್ರೆಂದು ಸೋತಿತು.

ಈಗ ರೇಡಿಯೇಟರನ್ನು ಇಂಜಿನ್ ಕಡೆಗೆ ತುಸು ವಾಲಿಸಬಹುದಿತ್ತು. ಅದರ ಮುಂದೆಯೇ ಎ.ಸಿ.ಯ ಇನ್ನೊಂದು ಜಾಲರಿ. ಎರಡರ ನಡುವೆ ಅಂಗೈ ತೂರದಷ್ಟು ಸಂದಿ. ಸುನಿತಾ ಬೆರಳು ಇಳಿಸಿ ಒಂದು ತುದಿ ಹಿಡಿದು ಮೆಲ್ಲಗೆ ಎಳೆದಳು. ರಾಗಿ ರೊಟ್ಟಿಯಷ್ಟು ದಪ್ಪದ, ಕಂದು ಬಣ್ಣದ ಒಂದು ಚಾಪೆ ಮೇಲೆ ಬಂತು. ಇನ್ನೊಂದು ಎಳೆದಳು. ಇನ್ನೂ ಒಂದು.

ಶಿಲ್ಪಶ್ರೀ ಅದನ್ನು ಮೂಸಿದಳು. "ಅಮ್ಮಾ, ಇದು ಚೆಂಡು ಹೂವು."

ಹೌದು. ವರ್ಷ ವರ್ಷದ ಚೆಂಡು ಹೂವು ಒಣಗಿ, ಧೂಳು ಕುಡಿದು, ಒಂದರ ಮೇಲೊಂದು ಹೆಪ್ಪುಗಟ್ಟಿತ್ತು. ನಡುವೆ ಬಾಳೆನಾರು, ಹಾರದ ದಾರ, ಸೇವಂತಿಗೆ ತೊಟ್ಟು, ನಿಂಬೆಹಣ್ಣಿನ ಒಣ ಸಿಪ್ಪೆ, ಒಂದು ಊದುಬತ್ತಿ ಕಡ್ಡಿ.

ಅದು ಅಲ್ಲಿಗೆ ಹೇಗೆ ಬಂತು ಅಂತ ಎಲ್ಲರಿಗೂ ಗೊತ್ತಿತ್ತು. ಆಯುಧಪೂಜೆಯ ದಿನ ಈ ಬೀದಿಯಲ್ಲಿ ಕರಿಬಸವಯ್ಯನವರ ಹಾಗೆ ಗಾಡಿ ಪೂಜೆ ಮಾಡುವವರು ಇನ್ನೊಬ್ಬರಿರಲಿಲ್ಲ. ಬೇರೆಯವರು ಮುಂದೆ ಒಂದು ಹಾರ ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮುಗಿಸುತ್ತಿದ್ದರು. ಇವರಿಗೆ ಅದು ಸಾಲದು. ಡಿಪೋದಲ್ಲಿ ಕಲಿತ ಪದ್ಧತಿ. ಬಾನೆಟ್ ಎತ್ತಿ, ಇಂಜಿನ್ನಿಗೆ ವಿಭೂತಿ ಹಚ್ಚಿ, "ಗಾಡಿ ಉಸಿರಾಡೋದು ಇಲ್ಲಿ" ಅಂತ ರೇಡಿಯೇಟರಿನ ನೆತ್ತಿಯ ಮೇಲೆ ಬುಟ್ಟಿ ಹೂವನ್ನು ಬಿಡಿಸಿ ಬಿಡಿಸಿ ಸುರಿಯುತ್ತಿದ್ದರು. ಬಸ್ಸಿನಲ್ಲಿ ಅದು ನಡೆಯುತ್ತಿತ್ತು. ಬಸ್ಸಿನ ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ ಇರಲಿಲ್ಲ, ಹೂವು ನೆಲಕ್ಕೆ ಉದುರುತ್ತಿತ್ತು. ಮರುದಿನ ಡಿಪೋದವರು ದಪ್ಪ ಪೈಪಿನಲ್ಲಿ ತೊಳೆದೂ ಬಿಡುತ್ತಿದ್ದರು. ಈ ಪುಟ್ಟ ಕಾರಿನಲ್ಲಿ ಮಾತ್ರ ಸುರಿದ ಹೂವೆಲ್ಲ ಆ ಸಂದಿಗೆ ಇಳಿದು ಅಲ್ಲೇ ಕೂತಿತ್ತು.

ಕರಿಬಸವಯ್ಯ ಎದ್ದು ಬಂದರು. ಒಂದು ತುಂಡನ್ನು ಕೈಗೆ ತೆಗೆದುಕೊಂಡು, ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಪುಡಿಯಾಗಿ ಬೆರಳ ಸಂದಿಯಿಂದ ಉದುರಿತು.

"ಗಾಡಿ ಉಸಿರಾಡೋ ಜಾಗ," ಅಂದರು ಜಯದೇವಿ ಮೆಲ್ಲಗೆ. ಅಷ್ಟೇ ಅಂದರು.

ಹೇಳುವ ಮಾತುಗಳು ಸುನಿತಾಳ ನಾಲಗೆಯ ತುದಿಯಲ್ಲೇ ಇದ್ದವು. ಮೂರು ವರ್ಷದ ಕ್ಲಚ್ಚು, ಗೇರು, ಅಯ್ಯೋ ಶಿವನೇಗಳಿಗೆಲ್ಲ ಬಡ್ಡಿ ಸಮೇತ ಉತ್ತರ. ಅಪ್ಪನ ಮುಖ ನೋಡಿದಳು. ಬಸ್ಸಿಗೆ ಒಂದು ದಿನವೂ ಒಂದು ಗೀರು ಬೀಳಿಸದ ಡ್ರೈವರನ ಮುಖ ಅದು.

"ಅಪ್ಪಾಜಿ, ಪೈಪ್ ಹಿಡ್ಕೊಳ್ಳಿ," ಅಂದಳು. "ನೀರು ಸಣ್ಣಗೆ ಬಿಡಿ. ಒಳಗಡೆಯಿಂದ ಹೊರಗೆ ಬರ್ಬೇಕು."

ಅವರು ಪೈಪು ಹಿಡಿದರು. ಸುನಿತಾ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಜಾಲರಿಯನ್ನು ಉಜ್ಜಿದಳು. ಜಾಲರಿಯ ತಗಡು ಈರುಳ್ಳಿ ಸಿಪ್ಪೆಯಷ್ಟು ತೆಳು, ಒತ್ತಿದರೆ ಮಡಚಿಕೊಳ್ಳುತ್ತದೆ. ಮಡಚಿದ್ದ ಕಡೆಯೆಲ್ಲ ಲ್ಯಾಬಿನ ಚಿಮುಟದಿಂದ ಒಂದೊಂದೇ ಎಸಳನ್ನು ನೆಟ್ಟಗೆ ಮಾಡಿದಳು. ಎಂಬತ್ತು ದಾಟಿದವರ ಬತ್ತಿದ ನರವನ್ನು ಒಂದೇ ಸೂಜಿಗೆ ಹಿಡಿಯುವ ಕೈ ಅದು. "ಈ ಕೆಲಸ ನನ್ನ ಕೈಲಿ ಆಗ್ತಿರಲಿಲ್ಲ," ಅಂದರು ಕರಿಬಸವಯ್ಯ, ನೀರಿಗೆ ಹೇಳುವ ಹಾಗೆ. ಸುನಿತಾ ತಲೆಯೆತ್ತಲಿಲ್ಲ, ಆದರೆ ಅವಳ ಕಿವಿ ಕೆಂಪಾಯಿತು. ಮೊದಲು ಕಂದು ನೀರು ಹರಿಯಿತು, ಆಮೇಲೆ ಹಳದಿ, ಕೊನೆಗೆ ತಿಳಿನೀರು.

ಎಲ್ಲವನ್ನೂ ಮತ್ತೆ ಕೂರಿಸಿ, ಬೋಲ್ಟು ಬಿಗಿದು, ಬ್ಯಾಟರಿಯ ತಂತಿ ಜೋಡಿಸಿ ಸ್ಟಾರ್ಟ್ ಮಾಡಿದರು. ದಿನಪತ್ರಿಕೆಯ ಹಾಳೆ ಹಿಡಿದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲಿಟ್ಟರೂ ಅಂಟಿಕೊಂಡಿತು. ಶಿಲ್ಪಶ್ರೀ ಕೈ ಬಿಟ್ಟು ಚಪ್ಪಾಳೆ ಹೊಡೆದಳು. ಕಾಂಪೌಂಡಿನ ಮೇಲೆ ಗುಂಡಣ್ಣನ ತಲೆ ಮತ್ತೆ ಮೂಡಿತು.

"ಏನು ಸುನಿತಾ, ಪೇಪರ್ ಓದಿಸ್ತಿದೀಯಾ ಕಾರಿಗೆ?"

"ಹೂಂ ಗುಂಡಣ್ಣ. ಮುಗಿಸಿದ ಮೇಲೆ ನಿಮಗೂ ಕೊಡ್ತೀನಿ."

ನಿಂತಲ್ಲಿ ಸರಿಯಾದರೆ ಸಾಲದು, ದಾರಿಯಲ್ಲಿ ಸರಿಯಾಗಬೇಕು. ಸಂಜೆ ಎಲ್ಲರೂ ಹತ್ತಿದರು. ಸುನಿತಾ ಸ್ಟೀರಿಂಗ್ ಹಿಡಿದಳು. ಕರಿಬಸವಯ್ಯ ಅವಳ ಪಕ್ಕ, ಅಜ್ಜಿ ಮೊಮ್ಮಗಳು ಹಿಂದೆ. ಎ.ಸಿ. ಪೂರ್ತಿ ಹಾಕಿ, ಹಬೆ ಎದ್ದ ಅದೇ ಸಾರಕ್ಕಿ ಸಿಗ್ನಲ್ಲಿಗೇ ಮೊದಲು ನಡೆಸಿದಳು. ಭಾನುವಾರ ಸಂಜೆ, ಮಾರ್ಕೆಟ್ಟಿನ ಜನ, ತಳ್ಳುಗಾಡಿ, ಮೆಟ್ರೋ ಕಂಬಗಳ ಕೆಳಗೆ ಒಂದಕ್ಕೊಂದು ಮೂಗು ತಿಕ್ಕುವ ಗಾಡಿಗಳು. ಒಂದು ಆಟೋ ಎಡದಿಂದ ನುಗ್ಗಿ ಅವಳ ಮುಂದೆಯೇ ತಿರುಗಿತು. ಕರಿಬಸವಯ್ಯನವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಬಾಯಿ ತೆರೆಯಿತು. ಶಿಲ್ಪಶ್ರೀ ಹಿಂದಿನಿಂದ ಬಗ್ಗಿ ನೋಡಿದಳು. ಬಾಯಿ ಮುಚ್ಚಿತು. ಸಿಗ್ನಲ್ ಎರಡು ಸಲ ಕೆಂಪಾದರೂ ಮುಳ್ಳು ನಡುವಿನಿಂದ ಕದಲಲಿಲ್ಲ.

ಅಲ್ಲಿಂದ ತಿರುಗಿಸಿಕೊಂಡು ಉತ್ತರಹಳ್ಳಿಯ ಮೇಲೆ ಓಂಕಾರ ಬೆಟ್ಟದ ದಾರಿ ಹಿಡಿದಳು. ಏರು ಶುರುವಾಯಿತು. ಅವಳು ಗೇರು ಇಳಿಸಿದಳು. ಅಪ್ಪ ಹೇಳುವ ಮೊದಲೇ ಇಳಿಸಿದಳು. ಅಪ್ಪ ಹೇಳಲೂ ಇಲ್ಲ. ಅವರ ಕೈ ಬಾಗಿಲ ಮೇಲಿನ ಹಿಡಿಯನ್ನು ಬಿಟ್ಟು ತೊಡೆಯ ಮೇಲೆ ಬಂದು ಕೂತಿತ್ತು. ಕಣ್ಣು ಅರ್ಧ ಮುಚ್ಚಿ ಇಂಜಿನ್ನಿನ ಸದ್ದನ್ನು ಕೇಳುತ್ತಿದ್ದರು, ಸಂಗೀತ ಬಲ್ಲವರು ಶ್ರುತಿ ಕೇಳುವ ಹಾಗೆ. ಕೊನೆಯ ತಿರುವಿನಲ್ಲಿ ಮುಳ್ಳು ಒಂದು ಎಳೆಯಷ್ಟು ಏರಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಸುನಿತಾಗೆ ತನಗರಿವಿಲ್ಲದೆಯೇ ಬೆನ್ನು ನೆಟ್ಟಗಾಗಿತ್ತು. ಲೈಸೆನ್ಸ್ ಕೊಟ್ಟ ದಿನವೂ ಅವಳು ಹೀಗೆ ಕೂತಿರಲಿಲ್ಲ.

ಬೆಟ್ಟದ ಮೇಲೆ ಗಾಡಿ ನಿಂತಿತು. ಕರಿಬಸವಯ್ಯ ಇಳಿದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, ಫೋನು ತೆಗೆದರು.

"ಗುಂಡಣ್ಣ, ನಾಳೆ ನಿಮ್ಮ ವ್ಯಾಪಾರಿಗೆ ಬರಬೇಡ ಅಂತ ಹೇಳಿಬಿಡಿ. ಗಾಡಿ ಕೊಡಲ್ಲ... ಇಲ್ಲ ಇಲ್ಲ, ಇಂಜಿನ್ ಚೆನ್ನಾಗಿದೆ. ಯಾರೋ ಹೂವು ಜಾಸ್ತಿ ಹಾಕಿದ್ರು, ಅಷ್ಟೆ... ಮೆಕ್ಯಾನಿಕ್ಕಾ? ಯಾವ ಮೆಕ್ಯಾನಿಕ್ಕೂ ಬಂದಿಲ್ಲ. ನನ್ನ ಮಗಳು. ಹೂಂ, ಅವಳೇ ಬಿಚ್ಚಿದ್ಲು, ಅವಳೇ ಕಟ್ಟಿದ್ಲು. ಎ.ಸಿ. ಹಾಕ್ಕೊಂಡು ಬೆಟ್ಟ ಹತ್ತಿಸಿದಾಳೆ ಕಣ್ರೀ! ಗಾಡಿ ಇನ್ಮೇಲೆ ಅವಳದ್ದು."

"ಯಾರೋ ಅಂದ್ರೆ ಯಾರು ತಾತ?" ಅಂದಳು ಶಿಲ್ಪಶ್ರೀ.

"ನೀನು ಸುಮ್ನಿರೇ," ಅಂದರು ಜಯದೇವಿ, ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು.

ಸುನಿತಾ ಇನ್ನೂ ಸೀಟಿನಲ್ಲೇ ಕೂತು ಮುಳ್ಳನ್ನು ನೋಡುತ್ತಿದ್ದಳು. ಚಿಕ್ಕಲಸಂದ್ರದ ಗೇಟಿನಿಂದ ಬೆಟ್ಟದ ಮೇಲಿನವರೆಗೆ ಕರಿಬಸವಯ್ಯ ಅವಳ ಪಕ್ಕದಲ್ಲಿ ಕೂತು ಒಂದು ಮಾತೂ ಆಡಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರು.